ಯುದ್ಧ ಮುಗಿಯುವವರೆಗೆ ಮಾತ್ರ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧದ ಪಾಠದಲ್ಲಿ, ಗಂಡಸರು ರಣರಂಗಕ್ಕೆ ಹೋದದ್ದರಿಂದ ಹೆಂಗಸರು ಕಾರ್ಖಾನೆಗಳಿಗೆ ಬಂದರು, ಅವರ ಆರ್ಥಿಕ ಸ್ವಾತಂತ್ರ್ಯ ಶುರುವಾದದ್ದೇ ಅಲ್ಲಿಂದ ಎಂದು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದ್ರೆ ಯುದ್ಧ ಆಗಿದ್ದು ಹೆಂಗಸರಿಗೆ ಒಳ್ಳೇದಾಯ್ತಾ ಮಿಸ್?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಶ್ರೀಲಂಕಾ, ಅಫ್ಘಾನಿಸ್ತಾನಗಳಲ್ಲಿ ಅಷ್ಟು ವರ್ಷ ಯುದ್ಧ ನಡೆದರೂ ಹಾಗೇಕೆ ಆಗಲಿಲ್ಲ? ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಹೆಂಗಸರ ಕೆಲಸದ ಕಥೆ ಏನು?

ಉತ್ತರ: ನಿಮ್ಮ ವಿದ್ಯಾರ್ಥಿನಿಗೆ ಮೊದಲು ಒಂದು ಮಾತು ಹೇಳಿಬಿಡಿ. ಅವಳು ಕೇಳಿದ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ದಶಕಗಳಿಂದ ಕೇಳುತ್ತಿದ್ದಾರೆ. ಅದರ ಮೇಲೆ ಕೆಲಸ ಮಾಡಿದ ಕ್ಲಾಡಿಯಾ ಗೋಲ್ಡಿನ್ ಅವರಿಗೆ, ಹೆಂಗಸರ ದುಡಿಮೆಯ ಇತಿಹಾಸವನ್ನು ಇನ್ನೂರು ವರ್ಷಗಳ ಉದ್ದಕ್ಕೂ ಬಿಡಿಸಿ ತೋರಿಸಿದ್ದಕ್ಕಾಗಿ, 2023ರಲ್ಲಿ ನೊಬೆಲ್ ಬಂತು. ಪ್ರಶ್ನೆ ಚಿಕ್ಕದಲ್ಲ.

ಯುದ್ಧ ಹೆಂಗಸರನ್ನು ಕೆಲಸಕ್ಕೆ ಕರೆಯುತ್ತದೆ, ಅದು ನಿಜ. ಆದರೆ ಕರೆದ ಬಹುಪಾಲು ಕಡೆ ಆ ಕರೆಯಲ್ಲೇ "ಯುದ್ಧ ಮುಗಿಯುವವರೆಗೆ ಮಾತ್ರ" ಎಂಬ ಷರತ್ತು ಇತ್ತು. ಒಮ್ಮೊಮ್ಮೆ ಕಾನೂನಿನಲ್ಲೇ ಬರೆದಿದ್ದರು, ಒಮ್ಮೊಮ್ಮೆ ಬರೆಯದೆಯೇ ಎಲ್ಲರಿಗೂ ಗೊತ್ತಿತ್ತು. ಶಾಂತಿ ಬಂದ ಮೇಲೆ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಈ ಷರತ್ತನ್ನು ಹಿಡಿದು ನೋಡಿದರೆ ದೇಶದಿಂದ ದೇಶಕ್ಕೆ ಕಾಣುವ ವ್ಯತ್ಯಾಸ ಸಾಕಷ್ಟು ಅರ್ಥವಾಗುತ್ತದೆ.

ಅಮೆರಿಕದಿಂದಲೇ ಶುರು ಮಾಡುತ್ತೇನೆ. ನೀವು ತರಗತಿಯಲ್ಲಿ ಹೇಳಿದ ಕಥೆ ಹೆಚ್ಚಾಗಿ ಬಂದಿರುವುದು ಅಲ್ಲಿಂದ. 1940ರಲ್ಲಿ ಅಲ್ಲಿ ದುಡಿಯುವವರಲ್ಲಿ ಹೆಂಗಸರ ಪಾಲು ಸುಮಾರು ಶೇ. 27; 1945ರ ಹೊತ್ತಿಗೆ ಅದು ಶೇ. 37ರ ಸಮೀಪಕ್ಕೆ ಬಂತು. ವಿಮಾನ ಕಾರ್ಖಾನೆಗಳಲ್ಲಿ 1943ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರು ದುಡಿಯುತ್ತಿದ್ದರು. ಯುದ್ಧಕ್ಕೆ ಮುಂಚೆ ಆ ಉದ್ಯಮದಲ್ಲಿ ಅವರು ಶೇ. 1ರಷ್ಟಿದ್ದರು. ತಲೆಗೆ ಕೆಂಪು ವಸ್ತ್ರ ಕಟ್ಟಿ, ತೋಳು ಮಡಚಿ ತೋರಿಸುವ ಹೆಂಗಸಿನ ಭಿತ್ತಿಚಿತ್ರ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಅದನ್ನು ಯುದ್ಧಕಾಲದಲ್ಲಿ ದೇಶದ ಹೆಂಗಸರನ್ನೆಲ್ಲ ಕೆಲಸಕ್ಕೆ ಕರೆದ ಚಿತ್ರ ಎಂದು ತಿಳಿದವರು ಬಹಳ. ವಾಸ್ತವದಲ್ಲಿ ಅದು 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳೊಳಗೆ, ಆಗಲೇ ಕೆಲಸದಲ್ಲಿದ್ದವರ ಹುರುಪು ಹೆಚ್ಚಿಸಲೆಂದು, ಕೆಲವೇ ದಿನ ಗೋಡೆಯ ಮೇಲಿದ್ದ ಚಿತ್ರ. ಅದು ಮನೆಮಾತಾದದ್ದು 1980ರ ದಶಕದಲ್ಲಿ. ನಮ್ಮ ಮನಸ್ಸಿನಲ್ಲಿ ಕೂತಿರುವ ಯುದ್ಧಕಾಲದ ಹೆಣ್ಣಿನ ರೂಪವೇ ಯುದ್ಧ ಮುಗಿದು ನಲವತ್ತು ವರ್ಷವಾದ ಮೇಲೆ ಬಂದದ್ದು.

ಆ ಕಾರ್ಖಾನೆಗಳಿಗೆ ಬಂದವರೆಲ್ಲ ಒಲೆ ಬಿಟ್ಟು ಮೊದಲ ಸಲ ಹೊಸ್ತಿಲು ದಾಟಿದ ಗೃಹಿಣಿಯರಲ್ಲ. ಅವರಲ್ಲಿ ಎಷ್ಟೋ ಮಂದಿ ಆಗಲೇ ದುಡಿಯುತ್ತಿದ್ದವರು: ಹೋಟೆಲುಗಳಲ್ಲಿ ಬಡಿಸುತ್ತಿದ್ದವರು, ಲಾಂಡ್ರಿಗಳಲ್ಲಿ ಬಟ್ಟೆ ಒಗೆಯುತ್ತಿದ್ದವರು, ಅಂಗಡಿಗಳಲ್ಲಿ ನಿಲ್ಲುತ್ತಿದ್ದವರು. ಕಪ್ಪು ಹೆಂಗಸರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 1940ರಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ಬೇರೆಯವರ ಮನೆಗೆಲಸದಲ್ಲಿದ್ದರು. ಯುದ್ಧ ಅವರನ್ನು "ಕೆಲಸಕ್ಕೆ ತಂದಿತು" ಎನ್ನುವುದು ತಪ್ಪಾಗುತ್ತದೆ. ಅವರು ಹುಟ್ಟಿದಾಗಿನಿಂದ ಕೆಲಸದಲ್ಲೇ ಇದ್ದವರು. ಯುದ್ಧ ಅವರಿಗೆ ಕೊಟ್ಟದ್ದು ಹೆಚ್ಚು ಸಂಬಳದ, ಗಂಟೆ ಹೊಡೆದ ಮೇಲೆ ಮುಗಿಯುವ ಕೆಲಸ. ಅದನ್ನು ಕಳೆದುಕೊಂಡಾಗ ಅವರಿಗಾದ ನಷ್ಟವೂ ಅಷ್ಟೇ ದೊಡ್ಡದು.

ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಕಾರ್ಮಿಕ ಇಲಾಖೆಯ ಮಹಿಳಾ ವಿಭಾಗ ಹತ್ತು ಯುದ್ಧೋತ್ಪಾದನಾ ಪ್ರದೇಶಗಳಲ್ಲಿ ಹೆಂಗಸರನ್ನೇ ಕೇಳಿ ನೋಡಿತು: ಮುಂದೆಯೂ ಕೆಲಸ ಮಾಡುವ ಮನಸ್ಸಿದೆಯೇ? ನಾಲ್ವರಲ್ಲಿ ಮೂವರು ಇದೆ ಎಂದರು. ಆದರೆ ವಿಮಾನದ ಬೇಡಿಕೆ ನಿಂತಿತು, ಹಡಗು ಕಟ್ಟೆಗಳು ಬರಿದಾದವು, ಮರಳಿ ಬಂದ ಸೈನಿಕರಿಗೆ ಹಳೆಯ ಹುದ್ದೆಯ ಮೇಲೆ ಕಾನೂನಿನ ಹಕ್ಕಿತ್ತು. ಹೆಂಗಸರು ಕೆಲಸ ಬಿಟ್ಟರು ಎಂದು ಬರೆಯುವ ಪುಸ್ತಕಗಳಿವೆ. ಬಹಳ ಮಂದಿಯನ್ನು ಬಿಡಿಸಲಾಯಿತು ಎಂದು ಬರೆಯುವುದು ಸರಿ.

ಗೋಲ್ಡಿನ್ ಮಾಡಿದ ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ. ಅವರು ಒಟ್ಟು ಸಂಖ್ಯೆಗಳನ್ನು ನೋಡಿ ಸುಮ್ಮನಾಗಲಿಲ್ಲ, ಒಬ್ಬೊಬ್ಬ ಹೆಂಗಸಿನ ದುಡಿಮೆಯ ಚರಿತ್ರೆಯನ್ನು ಹಿಂಬಾಲಿಸಿದರು. ಯುದ್ಧಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 1950ರ ಹೊತ್ತಿಗೆ ಕೆಲಸದಲ್ಲಿರಲಿಲ್ಲ. ಇನ್ನೊಂದು ಕಡೆ, 1950ರಲ್ಲಿ ಕೆಲಸದಲ್ಲಿದ್ದ ವಿವಾಹಿತೆಯರಲ್ಲಿ ಅರ್ಧದಷ್ಟು ಮಂದಿ 1940ರಲ್ಲೇ, ಅಂದರೆ ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ, ದುಡಿಯುತ್ತಿದ್ದವರು. ಯುದ್ಧದಿಂದ ನೇರವಾಗಿ ಹುಟ್ಟಿದ ಬದಲಾವಣೆ ನಾವು ಎಣಿಸಿದ್ದಕ್ಕಿಂತ ಚಿಕ್ಕದು ಎಂದಾಯಿತು. 2004ರಲ್ಲಿ ಅರ್ಥಶಾಸ್ತ್ರಜ್ಞ ದರೋನ್ ಅಸೆಮೊಗ್ಲು ಮತ್ತು ಸಂಗಡಿಗರು ಇನ್ನೊಂದು ದಾರಿಯಿಂದ ಹೋದರು. ಯಾವ ರಾಜ್ಯಗಳಿಂದ ಹೆಚ್ಚು ಗಂಡಸರು ಸೈನ್ಯಕ್ಕೆ ಹೋಗಿದ್ದರೋ ಆ ರಾಜ್ಯಗಳಲ್ಲಿ 1950ರಲ್ಲೂ ಹೆಂಗಸರು ಹೆಚ್ಚು ವಾರ ದುಡಿಯುತ್ತಿದ್ದರು ಎಂದು ಅವರು ತೋರಿಸಿದರು. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಹಿಡಿದು ನೋಡಬೇಕು. ಪರಿಣಾಮ ಉಳಿಯಿತು, ಆದರೆ ತೆಳುವಾಗಿ ಉಳಿಯಿತು. ಉಳಿದದ್ದೂ ಹೆಚ್ಚಾಗಿ ಓದಿದ ಬಿಳಿಯ ಹೆಂಗಸರಲ್ಲಿ, ಕಚೇರಿ ಕೆಲಸಗಳಲ್ಲಿ. ವಿಮಾನಕ್ಕೆ ಮೊಳೆ ಹೊಡೆದವರ ಬದುಕಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಹಾಗಿದ್ದರೆ 1950ರ ದಶಕದಲ್ಲಿ ಅಮೆರಿಕದ ವಿವಾಹಿತ ಹೆಂಗಸರು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಬಂದದ್ದು ಹೇಗೆ? ಇದನ್ನು ಪಾಠದಲ್ಲಿ ನಾವು ಯಾರೂ ಹೇಳುವುದಿಲ್ಲ, ನನಗೆ ಅದು ಬೇಸರ. ಅಲ್ಲಿ "ಮದುವೆ ನಿಷೇಧ" ಎಂಬ ಪದ್ಧತಿಯಿತ್ತು: ಮದುವೆಯಾದ ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದು, ಕೆಲಸದಲ್ಲಿದ್ದವಳು ಮದುವೆಯಾದರೆ ಬಿಡಿಸಬೇಕು. 1942ರಲ್ಲಿ ಶೇ. 87ರಷ್ಟು ಶಾಲಾ ಮಂಡಳಿಗಳು ಮದುವೆಯಾದ ಶಿಕ್ಷಕಿಯರನ್ನು ನೇಮಿಸುತ್ತಿರಲಿಲ್ಲ. ಹತ್ತೇ ವರ್ಷದೊಳಗೆ ಆ ಸಂಖ್ಯೆ ಶೇ. 18ಕ್ಕೆ ಇಳಿಯಿತು. ಯುದ್ಧಕಾಲದ ಅಭಾವ ಅದನ್ನು ಸಡಿಲಿಸಿತು, ನಿಜ. ಆದರೆ ಅದು ಮತ್ತೆ ತಲೆ ಎತ್ತದ ಹಾಗೆ ನೋಡಿಕೊಂಡ ಕಾರಣ ಬೇರೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹುಟ್ಟಿದ ಮಕ್ಕಳೇ ಕಡಿಮೆ. ಹೀಗಾಗಿ 1950ರಲ್ಲಿ ಕೆಲಸಕ್ಕೆ ಸಿಗುವ ಅವಿವಾಹಿತ ಯುವತಿಯರು ವಿರಳ, ಇದ್ದವರೂ ಬೇಗ ಮದುವೆಯಾಗುತ್ತಿದ್ದರು. ಶಾಲೆಗಳಿಗೂ ಕಚೇರಿಗಳಿಗೂ ಮದುವೆಯಾದವರನ್ನು ಕರೆಯದೆ ದಾರಿ ಇರಲಿಲ್ಲ. ಯುದ್ಧದ ಹೆಸರು ಹೇಳಿ ತೆಗೆದ ಅಡ್ಡಿಗೆ ಗಡುವು ಇತ್ತು, ಈ ಅಭಾವಕ್ಕೆ ಇರಲಿಲ್ಲ.

ಒಂದು ಕಡೆ ಬಾಗಿಲು ತೆರೆದ ಸರಕಾರವೇ ಇನ್ನೊಂದು ಕಡೆ ಮುಚ್ಚಿತು. 1944ರ ಕಾನೂನೊಂದು ಮರಳಿದ ಸೈನಿಕರಿಗೆ ಕಾಲೇಜು ಓದಲು ಹಣ ಕೊಟ್ಟಿತು. ಬಡವರ ಮಕ್ಕಳು ಪದವೀಧರರಾದರು. ಅದರ ಒಳಿತನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಸೈನಿಕರಲ್ಲಿ ಬಹುತೇಕ ಎಲ್ಲರೂ ಗಂಡಸರು. ಪದವಿ ಪಡೆಯುವವರಲ್ಲಿ ಹೆಂಗಸರ ಪಾಲು 1940ರಲ್ಲಿ ನೂರಕ್ಕೆ ನಲವತ್ತರಷ್ಟಿದ್ದದ್ದು 1950ರಲ್ಲಿ ಕಾಲುಭಾಗಕ್ಕೆ ಇಳಿಯಿತು.

ಇನ್ನು ಮಕ್ಕಳ ವಿಷಯ. ನಾನು ಈ ಇಡೀ ಚರಿತ್ರೆಯಲ್ಲಿ ಒಂದೇ ಒಂದು ಪುಟವನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಬಹುದಾದರೆ ಇದನ್ನೇ ಆರಿಸಿಕೊಳ್ಳುತ್ತೇನೆ. ತಾಯಿ ಪಾಳಿಗೆ ಹೋದರೆ ಕೂಸನ್ನು ಯಾರು ನೋಡಬೇಕು? 1943ರಿಂದ ಅಮೆರಿಕದ ಕೇಂದ್ರ ಸರಕಾರ ಲ್ಯಾನ್‌ಹಮ್ ಕಾಯ್ದೆಯ ಹಣದಿಂದ ಶಿಶುಪಾಲನಾ ಕೇಂದ್ರಗಳನ್ನು ನಡೆಸಿತು. ಅಲ್ಲಿಗೆ ಸೇರಲು ತಾಯಿ ಬಡವಳೆಂದು ತೋರಿಸಬೇಕಿರಲಿಲ್ಲ, ದುಡಿಯುವವಳಾಗಿದ್ದರೆ ಸಾಕು. ದಿನಕ್ಕೆ ಐವತ್ತು ಸೆಂಟಿನ ಆಸುಪಾಸು ಶುಲ್ಕ. ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಕಾಲಕ್ಕೆ ಅಲ್ಲಿ ಬೆಳೆದವು. ಪೋರ್ಟ್‌ಲ್ಯಾಂಡಿನ ಕೈಸರ್ ಹಡಗು ಕಟ್ಟೆಯಲ್ಲಿ ಕಂಪನಿಯೇ ಗೇಟಿನ ಬಾಯಲ್ಲಿ ಕೇಂದ್ರ ಕಟ್ಟಿತು. ಹಗಲು ರಾತ್ರಿ ತೆರೆದಿರುತ್ತಿತ್ತು. ಪಾಳಿ ಮುಗಿಸಿ ಮಗುವನ್ನು ಕರೆದೊಯ್ಯುವ ತಾಯಿ, ಮುಂಚೆಯೇ ಹೇಳಿಟ್ಟಿದ್ದರೆ, ರಾತ್ರಿಯೂಟದ ಬುತ್ತಿಯನ್ನೂ ಅಲ್ಲಿಂದಲೇ ಕೊಂಡುಹೋಗಬಹುದಿತ್ತು. ದಿನವಿಡೀ ನಿಂತು ಕಬ್ಬಿಣ ಬೆಸೆದು ಬಂದ ಹೆಂಗಸಿನ ಸಂಜೆ ಹೇಗಿರುತ್ತದೆ ಎಂದು ಯೋಚಿಸಿದವರು ಯಾರೋ ಆ ವ್ಯವಸ್ಥೆಯನ್ನು ರೂಪಿಸಿದ್ದರು.

ಯುದ್ಧ ಮುಗಿಯಿತು, ಕೈಸರ್ ಕೇಂದ್ರಗಳು 1945ರಲ್ಲೇ ಮುಚ್ಚಿದವು. ಕೇಂದ್ರ ಸರಕಾರದ ಹಣ 1946ರ ಫೆಬ್ರುವರಿಗೆ ನಿಂತಿತು. ತಾಯಂದಿರು ಪತ್ರ ಬರೆದರು, ಮೆರವಣಿಗೆ ಮಾಡಿದರು. ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಹಣದಿಂದ ಅವನ್ನು ಮುಂದುವರಿಸಿತು. ಎಪ್ಪತ್ತು ವರ್ಷವಾದ ಮೇಲೆ ಕ್ರಿಸ್ ಹರ್ಬ್‌ಸ್ಟ್ ಎಂಬ ಸಂಶೋಧಕರು ಹಳೆಯ ಲೆಕ್ಕಗಳನ್ನು ತೆಗೆದು ನೋಡಿದರು. ಈ ಕೇಂದ್ರಗಳಿಗೆ ಹೆಚ್ಚು ಹಣ ಬಂದ ರಾಜ್ಯಗಳಲ್ಲಿ ತಾಯಂದಿರ ಉದ್ಯೋಗ ಯುದ್ಧದ ನಂತರವೂ ಕೆಲವು ವರ್ಷ ಹೆಚ್ಚಾಗೇ ಇತ್ತು, ಅಲ್ಲಿನ ಮಕ್ಕಳು ದೊಡ್ಡವರಾದ ಮೇಲೆ ಓದಿನಲ್ಲಿ, ಗಳಿಕೆಯಲ್ಲಿ ಉಳಿದವರಿಗಿಂತ ಮುಂದಿದ್ದರು. ಹೆಂಗಸರ ಮನಸ್ಸು ಬದಲಾಗಿದ್ದರಿಂದ ಅವರು ಕೆಲಸಕ್ಕೆ ಬಂದರು ಎಂಬ ಮಾತಿಗೆ ನಾನು ಹೆಚ್ಚು ತೂಕ ಕೊಡದಿರುವುದು ಇದಕ್ಕೇ. ಮನಸ್ಸು ಮೊದಲೇ ಇತ್ತು, ಮಗುವನ್ನು ಬಿಟ್ಟುಹೋಗಲು ಜಾಗ ಇರಲಿಲ್ಲ.

ಮೊದಲ ಮಹಾಯುದ್ಧದ ಬ್ರಿಟನ್ನಿನಲ್ಲಿ ಈ "ಮುಗಿಯುವವರೆಗೆ" ಎಂಬುದು ಬರಿಯ ರೂಢಿಯಾಗಿರಲಿಲ್ಲ, ಕಾನೂನಾಗಿತ್ತು. ಗಂಡಸರ ಯೂನಿಯನ್‌ಗಳು ಹೆಂಗಸರನ್ನು ಒಳಗೆ ಬಿಟ್ಟದ್ದೇ ಆ ಒಪ್ಪಂದದ ಮೇಲೆ. ಮದ್ದುಗುಂಡು ಕಾರ್ಖಾನೆಗಳಲ್ಲಿ ಟಿಎನ್‌ಟಿ ಎಂಬ ಸ್ಫೋಟಕ ತುಂಬುತ್ತಿದ್ದ ಹುಡುಗಿಯರ ಚರ್ಮ ಅರಿಸಿನದ ಬಣ್ಣಕ್ಕೆ ತಿರುಗುತ್ತಿತ್ತು. ಅವರನ್ನು ಕೆನರಿ ಹಕ್ಕಿಗಳೆಂದು ಕರೆಯುತ್ತಿದ್ದರು. 1916ರ ಡಿಸೆಂಬರ್ 5ರಂದು ಲೀಡ್ಸ್ ಬಳಿಯ ಬಾರ್ನ್‌ಬೋ ಕಾರ್ಖಾನೆಯ ಸ್ಫೋಟದಲ್ಲಿ 35 ಹೆಂಗಸರು ಸತ್ತರು. ಯುದ್ಧಕಾಲದ ಗೋಪ್ಯತೆಯೆಂದು ಸುದ್ದಿಯನ್ನೂ ಅದುಮಿಟ್ಟರು. 1919ರಲ್ಲಿ ಯುದ್ಧಪೂರ್ವ ಪದ್ಧತಿಗಳ ಮರುಸ್ಥಾಪನೆ ಎಂಬ ಹೆಸರಿನದೇ ಕಾಯ್ದೆ ಬಂತು, ಹೆಂಗಸರು ಹೊರಗೆ ಹೋದರು. ನಿರುದ್ಯೋಗ ಭತ್ಯೆ ಕೇಳಲು ಹೋದವರಿಗೆ ಮನೆಗೆಲಸದ ಚಾಕರಿ ತೋರಿಸಿ, ಒಲ್ಲೆ ಎಂದರೆ ಭತ್ಯೆ ನಿಲ್ಲಿಸಿದರು. 1918ರಲ್ಲಿ ಬ್ರಿಟಿಷ್ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದನ್ನು ಯುದ್ಧಕಾಲದ ದುಡಿಮೆಗೆ ಸಿಕ್ಕ ಬಹುಮಾನ ಎನ್ನುತ್ತಾರೆ. ಆ ಹಕ್ಕು ಬಂದದ್ದು ಮೂವತ್ತು ದಾಟಿದವರಿಗೆ. ಮದ್ದು ತುಂಬಿ ಮೈ ಹಳದಿಯಾದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಷರತ್ತು ನಡೆಯದೇ ಹೋದದ್ದು ಸೋವಿಯತ್ ಒಕ್ಕೂಟದಲ್ಲಿ, ಯಾಕೆಂದರೆ ಗಂಡಸರು ಹಿಂದಿರುಗಲಿಲ್ಲ. ಯುದ್ಧ ಮುಗಿದು ಹದಿನಾಲ್ಕು ವರ್ಷದ ಮೇಲೆ, 1959ರ ಜನಗಣತಿಯಲ್ಲಿ, ಗಂಡಸರಿಗಿಂತ ಹೆಂಗಸರು ಎರಡು ಕೋಟಿಯಷ್ಟು ಹೆಚ್ಚಿದ್ದರು. 1945ರಲ್ಲಿ ಅಲ್ಲಿನ ಸಂಬಳದ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಹಳ್ಳಿಗಳಲ್ಲಿ ಎತ್ತೂ ಇಲ್ಲದೆ ತಾವೇ ನೇಗಿಲು ಎಳೆದರು. ಅಂಕಿಅಂಶದ ಪಟ್ಟಿಯಲ್ಲಿ ಇದು ಭಾರೀ "ಭಾಗವಹಿಸುವಿಕೆ"ಯಾಗಿ ಕಾಣುತ್ತದೆ. ಅದರ ಹಿಂದಿರುವುದು ಲಕ್ಷಾಂತರ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಗಂಡನ, ಮಗನ ಫೋಟೋ. ಅದರ ಮೇಲೆ 1944ರ ಕುಟುಂಬ ಕಾನೂನು, ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಂದೆಯಿಂದ ಜೀವನಾಂಶ ಕೇಳುವ ಹಕ್ಕನ್ನೂ ತಾಯಿಯಿಂದ ಕಿತ್ತುಕೊಂಡಿತು. ದುಡಿಮೆಯೂ ಅವಳದೇ, ಮಗುವೂ ಅವಳದೇ.

ಜರ್ಮನಿ ಇದಕ್ಕೆ ವಿರುದ್ಧ. ಯುದ್ಧದ ಉದ್ದಕ್ಕೂ ಅಲ್ಲಿ ದುಡಿಯುವ ಜರ್ಮನ್ ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸೈನಿಕರ ಹೆಂಡತಿಯರಿಗೆ ಸಿಗುತ್ತಿದ್ದ ಭತ್ಯೆ ಚೆನ್ನಾಗಿದ್ದದ್ದರಿಂದ ಕೆಲವರು ಇದ್ದ ಕೆಲಸವನ್ನೂ ಬಿಟ್ಟರು. ಆ ಜಾಗ ತುಂಬಿದವರು ಪೋಲೆಂಡಿನಿಂದ, ಉಕ್ರೇನಿನಿಂದ, ರಷ್ಯಾದಿಂದ ರೈಲುಗಳಲ್ಲಿ ತುಂಬಿ ತಂದ ಜೀತದಾಳುಗಳು; ಸೋವಿಯತ್ ನೆಲದಿಂದ ಹಾಗೆ ತಂದ ನಾಗರಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಹುಡುಗಿಯರು. ಯುದ್ಧ ಮತ್ತು ಹೆಂಗಸರ ದುಡಿಮೆ ಎಂದಾಗ ಇವರನ್ನು ಲೆಕ್ಕದಿಂದ ಬಿಟ್ಟರೆ ನಾವು ಸುಳ್ಳು ಹೇಳಿದ ಹಾಗೆ.

ಈಗ ನಮ್ಮ ದೇಶ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರವಾಗಿ ನಾನು ಕಾರ್ಖಾನೆಗೆ ಹೋಗದೆ ಇಂದಿನ ಜಾರ್ಖಂಡ್ ಮತ್ತು ಬಂಗಾಳದ ಕಲ್ಲಿದ್ದಲು ಗಣಿಗಳಿಗೆ, ಝರಿಯಾ ಮತ್ತು ರಾಣಿಗಂಜ್‌ಗೆ ಹೋಗುತ್ತೇನೆ. ಅಲ್ಲಿ ಗಂಡ ಇದ್ದಲು ಕಡಿಯುವುದು, ಹೆಂಡತಿ ಬುಟ್ಟಿಯಲ್ಲಿ ಹೊತ್ತು ಗಾಡಿಗೆ ತುಂಬುವುದು ತಲೆಮಾರುಗಳಿಂದ ನಡೆದು ಬಂದಿತ್ತು. ಸಂತಾಲ, ಬೌರಿ ಮೊದಲಾದ ಸಮುದಾಯಗಳ ಈ ಹೆಂಗಸರನ್ನು ಅಲ್ಲಿ ಕಾಮಿನ್ ಎನ್ನುತ್ತಿದ್ದರು. 1929ರ ನಿಯಮಗಳು ಅವರನ್ನು ನೆಲದಡಿಯ ಕೆಲಸದಿಂದ ಹಂತ ಹಂತವಾಗಿ ಹೊರಗಿಡಲು ಹೊರಟವು. 1937ರಲ್ಲಿ ನಿಷೇಧ ಪೂರ್ಣವಾಯಿತು. ಅವರ ಆರೋಗ್ಯದ ಕಾಳಜಿ ಅದರ ಹಿಂದೆ ಇತ್ತು, ಆ ಕಾಳಜಿ ಸುಳ್ಳಲ್ಲ. ಆದರೆ ಜೋಡಿಯಾಗಿ ದುಡಿಯುತ್ತಿದ್ದ ಮನೆಗೆ ಒಂದು ಕೂಲಿ ನಿಂತುಹೋಯಿತು, ಅದಕ್ಕೆ ಬದಲಿ ಏನನ್ನೂ ಯಾರೂ ಕೊಡಲಿಲ್ಲ.

1943ರಲ್ಲಿ ಯುದ್ಧಕ್ಕೆ ಇದ್ದಲು ಸಾಲದಾಯಿತು. ಬಂಗಾಳ, ಬಿಹಾರಗಳಲ್ಲಿ ಸೈನ್ಯದ ವಿಮಾನ ನಿಲ್ದಾಣಗಳು, ರಸ್ತೆಗಳು ಏಳುತ್ತಿದ್ದವು. ಅಲ್ಲಿ ಹೆಚ್ಚು ಕೂಲಿ, ನೆಲದ ಮೇಲಿನ ಕೆಲಸ, ಹೆಂಗಸರಿಗೂ ಜಾಗ. ಗಣಿಯಾಳುಗಳು ಅತ್ತ ಹೋದರು. ಹೆಂಗಸರು ಬಂದರೆ ಗಂಡಸರೂ ಉಳಿಯುತ್ತಾರೆ ಎಂದು ಯೋಚಿಸಿ ಸರಕಾರ ನಿಷೇಧವನ್ನು ಎತ್ತಿತು. ಆಗ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇದ್ದದ್ದು ಡಾ. ಅಂಬೇಡ್ಕರ್ ಅವರ ಬಳಿ. ಅಖಿಲ ಭಾರತ ಮಹಿಳಾ ಪರಿಷತ್ತು ವಿರೋಧಿಸಿತು, ಲಂಡನ್ನಿನ ಸಂಸತ್ತಿನಲ್ಲೂ ಪ್ರಶ್ನೆಗಳೆದ್ದವು. 1944ರ ಫೆಬ್ರುವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟರು. ಇದು ತುರ್ತಿನ, ತಾತ್ಕಾಲಿಕ ಕ್ರಮ ಎಂದರು. ಅದರ ಜೊತೆಗೆ ಅವರು ಹೇಳಿದ ಇನ್ನೊಂದು ವಿಷಯವನ್ನು ದಯವಿಟ್ಟು ನಿಮ್ಮ ತರಗತಿಯಲ್ಲಿ ಹೇಳಿ: ಗಣಿಯೊಳಗೆ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಕೊಡಬೇಕೆಂದು ಗೊತ್ತುಮಾಡಿದ್ದೇವೆ, ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಒಂದು ಉದ್ಯಮದಲ್ಲಿ ನೆಲೆಗೊಂಡದ್ದು ಇದೇ ಮೊದಲು ಎಂದು ಭಾವಿಸುತ್ತೇನೆ ಎಂದು ಅವರು ಸಭೆಗೆ ತಿಳಿಸಿದರು. ಗಣಿ ಹೆಂಗಸರ ಹೆರಿಗೆ ಭತ್ಯೆಯ ಕಾಯ್ದೆಗೆ ತಿದ್ದುಪಡಿ ತಂದವರೂ ಅವರೇ.

ಕತ್ತಲ ಸುರಂಗಕ್ಕೆ ಮತ್ತೆ ಇಳಿದದ್ದು ಆ ಹೆಂಗಸರಿಗೆ ಬಿಡುಗಡೆಯಾಗಿತ್ತೇ, ದಬ್ಬಾಳಿಕೆಯಾಗಿತ್ತೇ? ಒಂದೇ ಪದದಲ್ಲಿ ಉತ್ತರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಬಂಗಾಳದ ಕ್ಷಾಮದ ವರ್ಷ. ಅಕ್ಕಿಯ ಬೆಲೆ ಕೈಗೆ ಎಟುಕುತ್ತಿರಲಿಲ್ಲ, ಗಣಿಯಲ್ಲಿ ಕೂಲಿಯ ಜೊತೆ ರಿಯಾಯಿತಿ ದರದ ಪಡಿ ಸಿಗುತ್ತಿತ್ತು. ಮನೆಯ ಆದಾಯ ಬಿದ್ದಾಗ ಅದನ್ನು ಎತ್ತಿ ಹಿಡಿಯಲು ಹೆಂಗಸರು ಕೂಲಿಗೆ ಇಳಿಯುವುದನ್ನು ಅರ್ಥಶಾಸ್ತ್ರದಲ್ಲಿ ಸಂಕಟದ ದುಡಿಮೆ ಎನ್ನುತ್ತೇವೆ. ಬೇರೆ ದಾರಿ ಇದ್ದು ಆರಿಸಿಕೊಂಡ ಕೆಲಸವನ್ನೂ ಹಸಿವು ತಳ್ಳಿದ ಕೆಲಸವನ್ನೂ ಸಮೀಕ್ಷೆಯ ನಮೂನೆ ಒಂದೇ ಕಲಂನಲ್ಲಿ ಬರೆದುಕೊಳ್ಳುತ್ತದೆ. ಯುದ್ಧಕಾಲದ ಅಂಕಿಗಳನ್ನು ಓದುವಾಗ ನಾನು ಯಾವಾಗಲೂ ಇದನ್ನು ನೆನಪಿಟ್ಟುಕೊಳ್ಳುತ್ತೇನೆ.

1946ರ ಫೆಬ್ರುವರಿ 1ರಂದು ನಿಷೇಧ ಮತ್ತೆ ಬಂತು. ಕಾಮಿನ್‌ಗಳು ಮೇಲೆ ಬಂದರು. ಸ್ವತಂತ್ರ ಭಾರತದ 1952ರ ಗಣಿ ಕಾಯ್ದೆಯೂ ಅದನ್ನೇ ಮುಂದುವರಿಸಿತು. ನೆಲದಡಿಯ ಗಣಿಗಳಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹೆಂಗಸರನ್ನು ನೇಮಿಸಬಹುದು ಎಂಬ ಅನುಮತಿ ಬಂದದ್ದು 2019ರ ಜನವರಿಯಲ್ಲಿ. ಮಧ್ಯೆ 73 ವರ್ಷ. 2019ರಲ್ಲಿ ತೆರೆದ ಬಾಗಿಲು ಇಂಜಿನಿಯರ್ ಹುಡುಗಿಯರಿಗೆ, ಅದಕ್ಕಾಗಿ ಸಂತೋಷಪಡುತ್ತೇನೆ. ಬುಟ್ಟಿ ಹೊತ್ತ ಕಾಮಿನ್‌ನ ಮೊಮ್ಮಗಳ ಪಾಲಿಗೆ ಅದು ಹತ್ತಿರದ ಬಾಗಿಲಲ್ಲ.

ಶ್ರೀಲಂಕಾ, ಅಫ್ಘಾನಿಸ್ತಾನಗಳಲ್ಲಿ ಹಾಗೇಕೆ ಆಗಲಿಲ್ಲ ಎಂದು ಕೇಳಿದ್ದೀರಿ. ಮುಖ್ಯ ಕಾರಣ ಸರಳ. ಅಮೆರಿಕದ ಕಾರ್ಖಾನೆಗಳ ಮೇಲೆ, ಊರುಗಳ ಮೇಲೆ ಬಾಂಬಿನ ಮಳೆ ಸುರಿಯಲಿಲ್ಲ. ಕಾರ್ಖಾನೆಗಳು ನಿಂತಿದ್ದವು, ಹಣ ಹರಿಯುತ್ತಿತ್ತು, ಸಂಬಳ ಕೊಡುವವರಿದ್ದರು. ಯುದ್ಧ ಮನೆಯಂಗಳಕ್ಕೇ ಬಂದ ಕಡೆ ಕೆಲಸದ ಜಾಗವೇ ಸುಟ್ಟುಹೋಗುತ್ತದೆ, ರಸ್ತೆಯಲ್ಲಿ ಹೆಣ್ಣುಮಗಳು ನಡೆಯುವ ಹಾಗಿಲ್ಲ, ಗಾಯಗೊಂಡವರ, ಅನಾಥ ಮಕ್ಕಳ ಆರೈಕೆಯೂ ಅವಳ ಮೇಲೆ ಬೀಳುತ್ತದೆ. ಒಂದು ಕೈ ಅವಳನ್ನು ಸಂಪಾದನೆಗೆ ತಳ್ಳುತ್ತದೆ, ಇನ್ನೊಂದು ಕೈ ಒಳಗೆಳೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಊರಿಂದೂರಿಗೆ ಬೇರೆ.

ಶ್ರೀಲಂಕಾದ ಉತ್ತರ ಮತ್ತು ಪೂರ್ವದಲ್ಲಿ 2009ರಲ್ಲಿ ಯುದ್ಧ ಮುಗಿದಾಗ ವಿಧವೆಯರು ಸುಮಾರು 89,000 ಎಂದು ಅಲ್ಲಿನ ಸರಕಾರದ ಕಡೆಯಿಂದಲೇ ಲೆಕ್ಕ ಬಂತು. ಇವರಲ್ಲಿ ಎಷ್ಟೋ ಮಂದಿಯ ಗಂಡಂದಿರು ಸತ್ತರೋ ಬದುಕಿದ್ದಾರೋ ತಿಳಿಯದು, ಕಾಣೆಯಾದವರು. ಮರಣಪತ್ರ ಇಲ್ಲದಿದ್ದರೆ ಜಮೀನು ಹೆಂಡತಿಯ ಹೆಸರಿಗೆ ಬರುವುದಿಲ್ಲ, ಗಂಡನ ಖಾತೆಯ ಹಣ ಕೈಗೆ ಸಿಗುವುದಿಲ್ಲ. ಮರಣಪತ್ರ ಬರೆಸಿಕೊಂಡರೆ ಗಂಡ ಸತ್ತನೆಂದು ತಾನೇ ಒಪ್ಪಿದ ಹಾಗೆ. "ಕಾಣೆಯಾಗಿದ್ದಾರೆ" ಎಂಬ ಪ್ರಮಾಣಪತ್ರ ಕೊಡುವ ಕಾನೂನು ಬಂದದ್ದು 2016ರಲ್ಲಿ, ಯುದ್ಧ ಮುಗಿದು ಏಳು ವರ್ಷಕ್ಕೆ. ಅಷ್ಟರಲ್ಲಿ ಅವರು ಸ್ವಂತ ಕಸುಬಿಗೆಂದು ಕಿರುಸಾಲ ಮಾಡಿ, ವಾರದ ಕಂತಿಗೆ ಸಿಕ್ಕಿಬಿದ್ದಿದ್ದರು. 2018ರಲ್ಲಿ ಸರಕಾರ ಬರಪೀಡಿತ ಜಿಲ್ಲೆಗಳ ಹೆಂಗಸರ ಇಂಥ ಸಾಲಗಳನ್ನು ಒಂದು ಮಿತಿಯವರೆಗೆ ಮನ್ನಾ ಮಾಡಬೇಕಾಯಿತು. ಕೋಳಿ ಸಾಕಿದರು, ಮಿಶನ್ ಹೊಲಿಗೆ ಮಾಡಿದರು, ಕೂಲಿಗೆ ಹೋದರು, ಗಾರ್ಮೆಂಟ್ಸ್ ಸೇರಿದರು. ಕೆಲಸ ಇಲ್ಲದೆ ಕೂತವರಲ್ಲ ಅವರು. ಅವರ ಕಾಲ ಕೆಳಗೆ ನೆಲ ಇರಲಿಲ್ಲ.

ನೇಪಾಳದಲ್ಲಿ ನಡೆದದ್ದು ಸ್ವಲ್ಪ ಬೇರೆ, ಅದಕ್ಕೆ ನನಗೆ ಅದು ಮುಖ್ಯ. 1996ರಿಂದ 2006ರವರೆಗೆ ಮಾವೋವಾದಿ ಯುದ್ಧ. ಗಂಡಸರು ಕಾಡಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಭಾರತಕ್ಕೆ ಹೋದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಾವು ದಿನವೂ ಕಾಣುವ ನೇಪಾಳಿ ಮುಖಗಳ ಹಿಂದೆ ಆ ವಲಸೆಯ ಚರಿತ್ರೆಯೂ ಇದೆ. ನಿಧಿಯಾ ಮೆನನ್ ಮತ್ತು ಯಾನಾ ರಾಜರ್ಸ್ ಅವರ ಅಧ್ಯಯನದ ಪ್ರಕಾರ ಸಂಘರ್ಷ ಹೆಚ್ಚಿದ್ದ ಕಡೆ ಹೆಂಗಸರು ಕೆಲಸಕ್ಕೆ ಇಳಿಯುವ ಸಾಧ್ಯತೆಯೂ ಹೆಚ್ಚಿತ್ತು. ಇಷ್ಟೇ ಆಗಿದ್ದರೆ ಇದೂ ಸಂಕಟದ ದುಡಿಮೆಯೇ. ಆದರೆ ಯುದ್ಧ ಮುಗಿಯುವ ಕಾಲಕ್ಕೆ ಅಲ್ಲಿ ಒಂದು ಸಣ್ಣ ಸರಕಾರಿ ಕ್ರಮ ಬಂತು: ಜಮೀನನ್ನು ಹೆಣ್ಣಿನ ಹೆಸರಿಗೆ ನೋಂದಾಯಿಸಿದರೆ ಶುಲ್ಕದಲ್ಲಿ ರಿಯಾಯಿತಿ. 2001ರ ಗಣತಿಯಲ್ಲಿ ನೂರಕ್ಕೆ ಹನ್ನೊಂದು ಮನೆಗಳಲ್ಲಿ ಹೆಂಗಸರ ಹೆಸರಿನಲ್ಲಿ ಭೂಮಿಯಿತ್ತು. 2011ರಲ್ಲಿ ಅದು ಇಪ್ಪತ್ತರ ಹತ್ತಿರ. ತೆರಿಗೆ ಉಳಿಸಲೆಂದೇ ಬರೆಸಿದ ಗಂಡಂದಿರು ಇದ್ದಾರು. ಆದರೂ ಪಹಣಿಯಲ್ಲಿ ಹೆಸರಿದ್ದವಳು ಸಾಲ ಕೇಳುವಾಗ ಬ್ಯಾಂಕಿನಲ್ಲಿ ನಿಲ್ಲುವ ರೀತಿ ಬೇರೆ ಎಂಬುದು ನಮ್ಮ ಕಡೆಯ ರೈತ ಹೆಂಗಸರಿಗೂ ಗೊತ್ತು.

ಅಫ್ಘಾನಿಸ್ತಾನದ ವಿಷಯದಲ್ಲಿ ನಾನು ಉದ್ದ ಬರೆಯಲಾರೆ. 2021ರಲ್ಲಿ ಗುಂಡಿನ ಸದ್ದು ಬಹಳಮಟ್ಟಿಗೆ ನಿಂತಿತು, 2022ರ ಡಿಸೆಂಬರ್‌ನಲ್ಲಿ ಸರಕಾರೇತರ ಸಂಸ್ಥೆಗಳಲ್ಲೂ ಹೆಂಗಸರು ಕೆಲಸ ಮಾಡಬಾರದೆಂದು ಆಜ್ಞೆಯಾಯಿತು. ಅಲ್ಲಿ ಹೆಂಗಸರ ದುಡಿಮೆಯನ್ನು ನಿಲ್ಲಿಸಿದ್ದು ಯುದ್ಧವಲ್ಲ, ಗೆದ್ದವರು.

ಇನ್ನು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. "ಇಲ್ಲ, ಒಳ್ಳೆಯದಾಗಲಿಲ್ಲ" ಎಂದು ನಾನು ಅವಳಿಗೆ ನೇರವಾಗಿ ಹೇಳುತ್ತೇನೆ. ಹೆಂಗಸರಿಗೆ ಬೆಸುಗೆ ಹಾಕಲು ಬರುತ್ತದೆ, ವಿಮಾನ ಜೋಡಿಸಲು ಬರುತ್ತದೆ ಎಂಬುದು ಯುದ್ಧದಿಂದ ಹುಟ್ಟಿದ ಸತ್ಯವಲ್ಲ. ಅದು ಮೊದಲೇ ನಿಜವಾಗಿತ್ತು, ತಡೆದವರು ಅದನ್ನು ಒಪ್ಪಿಕೊಳ್ಳಬೇಕಾಯಿತು, ಅಷ್ಟೆ. ಶಿಶುಪಾಲನಾ ಕೇಂದ್ರ ತೆರೆಯಲು, ಸಮಾನ ಕೂಲಿ ಕೊಡಲು, ಮದುವೆಯಾದ ಶಿಕ್ಷಕಿಯನ್ನು ಉಳಿಸಿಕೊಳ್ಳಲು ಬೇಕಾದ ಹಣ, ಬುದ್ಧಿ ಶಾಂತಿಕಾಲದಲ್ಲೂ ಆ ದೇಶಗಳ ಬಳಿ ಇತ್ತು.

ಅವಳಿಗೆ ಇಂದಿನ ಸುದ್ದಿಯನ್ನೇ ಹಿಂಬಾಲಿಸಲು ಹೇಳಿ. ಉಕ್ರೇನ್ 2017ರಲ್ಲಿ, ಹೆಂಗಸರಿಗೆ ನಿಷಿದ್ಧವಾದ 450 ಕೆಲಸಗಳ ಸೋವಿಯತ್ ಕಾಲದ ಪಟ್ಟಿಯನ್ನು ರದ್ದು ಮಾಡಿತ್ತು. ಆದರೂ ಗಣಿಯೊಳಗಿನ ಕೆಲಸಕ್ಕೆ ಅಡ್ಡಿ ಉಳಿದಿತ್ತು. 2022ರ ಮಾರ್ಚ್‌ನಲ್ಲಿ ಬಂದ ಸೇನಾಡಳಿತ ಕಾಲದ ಕಾರ್ಮಿಕ ಕಾನೂನು, ಒಪ್ಪಿಗೆಯಿದ್ದರೆ ಹೆಂಗಸರನ್ನು ನೆಲದಡಿಗೂ ನೇಮಿಸಬಹುದು ಎಂದಿತು. ಪಾವ್ಲೊಹ್ರಾದ್ ಸುತ್ತಿನ ಕಲ್ಲಿದ್ದಲು ಗಣಿಗಳಲ್ಲಿ ಈಗ ಹೆಂಗಸರು ಸುರಂಗದ ರೈಲು ಓಡಿಸುತ್ತಿದ್ದಾರೆ, ಅವರಲ್ಲಿ ಕೆಲವರ ಗಂಡಂದಿರು ರಣರಂಗದಲ್ಲಿದ್ದಾರೆ. ಆ ಅನುಮತಿಗೂ ಝರಿಯಾದ ಅನುಮತಿಯ ಹಾಗೆ ಒಂದು ಮಿತಿಯಿದೆ: ಅದು ಸೇನಾಡಳಿತ ಜಾರಿಯಲ್ಲಿರುವವರೆಗೆ. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ದಿನ ಪತ್ರಿಕೆಗಳು ಗಡಿಯ ನಕ್ಷೆ ಮುದ್ರಿಸುತ್ತವೆ. ಆ ದಿನ ಅವಳು ಈ ಒಂದು ಸಾಲು ಏನಾಯಿತು ಎಂದು ಹುಡುಕಲಿ.